ಶೇಡುರಾಯರು ಹಿಡಿದ ಶತ್ರು ವಿಮಾನ

ಶೇಡುರಾಯರಿಗೆ ಸಿಟ್ಟು ಬರಲು ಕಾರಣವೇ ಬೇಕಿಲ್ಲ ಎಂದು ಅವರ ಹೆಂಡತಿ ಹೇಳುವುದುಂಟು. ಇದು ಅನ್ಯಾಯದ ಮಾತು. ರಾಯರಿಗೆ ಕಾರಣ ಬೇಕೇ ಬೇಕು. ಆದರೆ ಜಗತ್ತು ದಿನಕ್ಕೆ ಏಳೆಂಟು ಕಾರಣಗಳನ್ನು ತಾನಾಗಿಯೇ ಹೊತ್ತು ತಂದು ಬಾಗಿಲಲ್ಲಿ ಸುರಿದರೆ ಅವರಾದರೂ ಏನು ಮಾಡಿಯಾರು?

ಪೇಟೆಯ ದೊಡ್ಡ ಪೇಂಟಿನ ಅಂಗಡಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಬಣ್ಣ ಬೆರೆಸುವ ಮೇಜು ಅವರದು. ಹೆಸರು ಬಂದದ್ದೂ ಅಲ್ಲಿಂದಲೇ. ಗಿರಾಕಿ ತನ್ನ ಗೋಡೆಯ ಒಂದು ಚಕ್ಕೆ ಕಿತ್ತು ತಂದರೆ ಸಾಕು. ರಾಯರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಬಿಳಿ ಪೇಂಟಿನ ಡಬ್ಬಿಗೆ ಪುಟ್ಟ ಬಾಟಲಿಗಳಿಂದ ತೊಟ್ಟು ತೊಟ್ಟಾಗಿ ಬಣ್ಣ ಬಿಟ್ಟು, ಕೋಲಿನಲ್ಲಿ ಕಲಕಿ ಕೊಡುವರು. ಹಳೆಯ ಗೋಡೆಗೂ ಹೊಸ ಬಣ್ಣಕ್ಕೂ ಭೇದ ಹುಡುಕಿದವನು ಇನ್ನೂ ಹುಟ್ಟಿರಲಿಲ್ಲ. ಅಂಗಡಿಗೆ ಬಣ್ಣ ಬೆರೆಸುವ ಯಂತ್ರ ಬಂದಾಗ ರಾಯರು ಅದರ ಕಡೆ ಮುಖ ತಿರುಗಿಸಿ ಕೂತರು. ನಾಲ್ಕನೆಯ ದಿನ ಯಂತ್ರವೇ ಕೆಟ್ಟು ನಿಂತಿತು. ಆ ಮೇಜಿನ ಮುಂದೆ ರಾಯರ ಮಾತೇ ಕೊನೆಯ ಮಾತು.

ಮನೆಯಲ್ಲಿ ಹಾಗಿರಲಿಲ್ಲ. ಅಲ್ಲಿಗೆ ವಾರಕ್ಕೆ ಮೂರು ಸಲ ಹೆಂಡತಿಯ ತಮ್ಮ ಊಟಕ್ಕೆ ಬರುತ್ತಿದ್ದ.

ಈ ಭಾವಮೈದುನ ಕಟ್ಟುಹಲ್ಲು ತಯಾರಿಸುವವನು. ಬಿಡುವಾದಾಗ ಯುದ್ಧವಿಮಾನಗಳ ಫೋಟೊ ತೆಗೆಯುವ ಹುಚ್ಚು ಅವನಿಗೆ. ಊರಾಚೆಯ ವಾಯುಪಡೆಯ ನೆಲೆಯಲ್ಲಿ ವರ್ಷಕ್ಕೊಮ್ಮೆ, ಎರಡು ವಾರ, ಅಣಕು ಯುದ್ಧ ನಡೆಯುತ್ತದೆ. ಆಗ ಬೇಲಿಯ ಹೊರಗಿನ ದಿಬ್ಬದ ಮೇಲೆ ಇವನೂ ಇವನಂಥ ಆರು ಮಂದಿಯೂ ಅಲ್ಯೂಮಿನಿಯಂ ಏಣಿ ಹತ್ತಿ, ಚರಂಡಿ ಪೈಪಿನಷ್ಟುದ್ದದ ಲೆನ್ಸು ಹಿಡಿದು, ಬೆಳಗಿನಿಂದ ಕಾದು ನಿಲ್ಲುತ್ತಾರೆ. ವಿಮಾನ ಕಣ್ಣಿಗೆ ಬೀಳುವುದು ಮೂರು ಸೆಕೆಂಡು. ಅಷ್ಟರಲ್ಲಿ ಮೂಗು ಹೇಗಿದೆ, ಗಾಳಿ ಎಳೆಯುವ ಬಾಯಿ ಎಲ್ಲಿದೆ, ಬಾಲ ಒಂದೋ ಎರಡೋ ಎಂದು ನೋಡಿ ಜಾತಿ ಹೇಳಬೇಕು; ಬಾಲದ ಮೇಲಿನ ನಂಬರನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಹಲ್ಲಿನ ಅಚ್ಚು ನೋಡಿ ಬಾಯಿ ಯಾರದೆಂದು ಹೇಳುವವನಿಗೆ ಇದೇನು ಮಹಾ!

“ಭಾವ, ಇದೆಲ್ಲ ನಿಮ್ಮಿಂದಾಗೋ ಕೆಲ್ಸ ಅಲ್ಲ ಬಿಡಿ,” ಎಂದು ಅವನು ಒಂದು ದಿನ ಊಟದ ನಡುವೆ ಅಂದ. ಅನ್ನಬಾರದಿತ್ತು. ಮರುವಾರವೇ ರಾಯರು ಯಾರೋ ಬಳಸಿ ಬಿಟ್ಟ ಕ್ಯಾಮೆರಾ ಒಂದನ್ನು ಕೊಂಡರು. ಪ್ರಪಂಚದ ಎಲ್ಲ ವಾಯುಪಡೆಗಳ ಬಣ್ಣದ ಚಿತ್ರಗಳಿರುವ, ತಲೆದಿಂಬಿನಷ್ಟು ದಪ್ಪದ ಪುಸ್ತಕ ಕೊಂಡರು. ಅಂಗಡಿಯ ಶೇಡ್‌ಕಾರ್ಡನ್ನು ಕೊರಳಿಗೆ ನೇತುಹಾಕಿಕೊಂಡು ದಿಬ್ಬ ಹತ್ತಿದರು.

ದಿಬ್ಬದ ಮಂದಿ ಆಕಾರ ನೋಡಿದರೆ ರಾಯರು ಬಣ್ಣ ನೋಡಿದರು. ಉಳಿದವರು ವಿಮಾನದ ಹೆಸರು ಕೂಗುವಾಗ ಇವರು, “ಬೂದಿ, ಐನೂರ ನಾಲ್ಕು! ಹೊಟ್ಟೆ ಕಡೆ ಮತ್ತೆ ಬಳಿದಿದಾರೆ, ಪ್ರೈಮರ್ ಹಾಕಿಲ್ಲ! ಯಾವನ್ರೀ ಅವ್ನು ಪೇಂಟರು?” ಎಂದು ಕೂಗಿದರು. ಏಣಿಗಳ ಮೇಲಿದ್ದವರು ಬೀಳದೆ ಉಳಿದದ್ದು ಅವರ ಪುಣ್ಯ.

ಅಣಕು ಯುದ್ಧದ ನಾಲ್ಕನೆಯ ದಿನ, ಬೆಳಿಗ್ಗೆ ಹತ್ತೂಕಾಲಕ್ಕೆ, ಒಂದು ವಿಮಾನ ಬೇಲಿಯ ನೆತ್ತಿಯ ಮೇಲೆ ಚಕ್ರ ಇಳಿಬಿಟ್ಟು ಬಂತು. ಅದರ ಮೈ ಉಳಿದವುಗಳಂತೆ ಬೂದಿಯಲ್ಲ. ಕಡುನೀಲಿ, ಅದರ ಮೇಲೆ ತಿಳಿನೀಲಿಯ ಮೋಡದಂಥ ಪಟ್ಟೆ, ಮೂಗಿನ ಬಳಿ ಹಳದಿ ಅಂಚಿನ ಕೆಂಪು ನಂಬರು. ರಾಯರ ಕ್ಯಾಮೆರಾ ಮೊದಲ ಸಲ ಸರಿಯಾದ ಹೊತ್ತಿಗೆ ‘ಟಕ್’ ಎಂದಿತು. ಅವರು ಅಲ್ಲೇ ಹುಲ್ಲಿನ ಮೇಲೆ ಕೂತು ತಲೆದಿಂಬು ಬಿಚ್ಚಿದರು. ನೂರಾ ತೊಂಬತ್ತನೆಯ ಪುಟದಲ್ಲಿ ಆ ನೀಲಿ ಇತ್ತು. ಪುಟದ ನೆತ್ತಿಯ ಮೇಲೆ, ಗಡಿಯಾಚೆ ನಮ್ಮತ್ತ ದುರುಗುಟ್ಟಿಕೊಂಡಿರುವ ಪಕ್ಕದ ದೇಶದ ಹೆಸರೂ ಇತ್ತು.

“ಇಳಿಯೋ ಕೆಳಗೆ!” ರಾಯರು ಮೈದುನನ ಏಣಿ ಹಿಡಿದು ಅಲುಗಿಸಿದರು. “ಶತ್ರುವಿನ ವಿಮಾನ ಕಣೋ! ನಮ್ಮೂರಲ್ಲೇ ಇಳಿದಿದೆ!”

ಮೈದುನ ಫೋಟೊ ನೋಡಿದ. “ಭಾವ, ಬಾಲ ಎಷ್ಟಿದೆ ಎಣಿಸಿ. ಒಂದು. ಅವರದಕ್ಕೆ ಎರಡು. ಇದು ನಮ್ದೇ. ಅದು ಯಾಕೆ ಹಾಗಿದೆ ಅಂದ್ರೆ...”

“ಬಾಲ ಯಾರು ಬೇಕಾದ್ರೂ ಕತ್ತರಿಸಬಹುದು! ಬಣ್ಣ ಸುಳ್ಳು ಹೇಳತ್ತೇನೋ? ಇಪ್ಪತ್ತಾರು ವರ್ಷದಿಂದ ಬಣ್ಣ ನೋಡ್ತಿರೋ ನನಗೆ, ಹಲ್ಲು ಕೆರೆಯೋನು ನೀನು ಪಾಠ ಹೇಳ್ತೀಯಾ?”

ಹಲ್ಲು ತಯಾರಿಸುವವನಿಗೆ ಹಲ್ಲು ಕೆರೆಯುವವನೆಂದರೆ ಯಾವ ದೇಶದಲ್ಲೂ ನೋವಾಗುತ್ತದೆ. ಮೈದುನ ಹೇಳಬೇಕೆಂದಿದ್ದ ವಿವರಣೆಯನ್ನು ನುಂಗಿ, ವಿನಯದಿಂದ ನುಡಿದ: “ಹಾಗಾದ್ರೆ ಸುಮ್ನಿರಬಾರದು ಭಾವ. ಕಂಪ್ಲೇಂಟ್ ಕೊಡಿ.”

ಕಂಪ್ಲೇಂಟು ಕೊಡುವುದೆಲ್ಲಿ? ರಾಯರಿಗೆ ಬಾಯಿಪಾಠ ಇದ್ದ ಸರ್ಕಾರಿ ಫೋನ್ ನಂಬರು ಒಂದೇ ಒಂದು, ನಗರಸಭೆಯ ದೂರು ವಿಭಾಗದ್ದು.

“ನಮಸ್ಕಾರ, ದೂರು ವಿಭಾಗ. ನೀರೋ, ದೀಪವೋ, ಚರಂಡಿಯೋ?”

“ಶತ್ರು ದೇಶದ ವಿಮಾನ!”

“ರೀ, ನೀವಾ? ಆಫೀಸಿಗೆ ಫೋನ್ ಮಾಡಬೇಡಿ ಅಂತ ಎಷ್ಟು ಸಲ ಹೇಳ್ಲಿ ನಿಮಗೆ?”

ದೂರು ವಿಭಾಗದ ಮೇಜು ಹದಿನಾಲ್ಕು ವರ್ಷಗಳಿಂದ ರಾಯರ ಹೆಂಡತಿಯದು.

“ಈಗ ನಾನು ನಿನ್ನ ಗಂಡ ಅಲ್ಲ, ಪ್ರಜೆ! ಬರ್ಕೋ ದೂರು!”

“ಬರ್ಕೊಳ್ಳೋಕೆ ಅದಕ್ಕೆ ಕಾಲಂ ಇಲ್ಲ ರೀ. ನೀರು, ದೀಪ, ಚರಂಡಿ, ಕಸ, ಅಲೆದಾಡೋ ಪ್ರಾಣಿ. ಐದೇ ಇರೋದು.”

“ದೇಶ ಹೊತ್ತಿ ಉರೀತಿದೆ, ಇವಳು ಕಾಲಂ ಹುಡುಕ್ತಾಳೆ! ಯಾವುದಕ್ಕಾದ್ರೂ ಹಾಕು!”

ಹೆಂಡತಿ ನಿಯಮ ಮೀರುವವರಲ್ಲ. ಬಂದ ದೂರನ್ನು ಬರೆದುಕೊಳ್ಳದೆ ಬಿಡುವಂತಿಲ್ಲ. ಇದ್ದುದರಲ್ಲಿ ಹತ್ತಿರದ ಕಾಲಮ್ಮಿಗೆ ಸೇರಿಸಿ, ಮನೆಯ ವಿಳಾಸ ಬರೆದರು. ಮಾರನೆಯ ಬೆಳಿಗ್ಗೆ ಮನೆಯೆದುರು ಪಂಜರದ ವ್ಯಾನು ನಿಂತಿತು. ದಪ್ಪ ಕೈಗವಸು ತೊಟ್ಟ ಇಬ್ಬರು ಬಲೆ ಹಿಡಿದು ಇಳಿದರು.

“ಎಲ್ಲಿದೆ ಸಾರ್? ಕಚ್ಚಿದೆಯಾ?”

ರಾಯರು ಆಕಾಶ ತೋರಿಸಿದರು. ಇಬ್ಬರೂ ಆಕಾಶ ನೋಡಿದರು, ಬಲೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. “ಸಾರ್, ಹಕ್ಕಿ ನಮಗೆ ಬರಲ್ಲ. ಅದು ಅರಣ್ಯದೋರಿಗೆ.”

“ಹಕ್ಕಿ ಅಲ್ಲಯ್ಯಾ! ಪಕ್ಕದ ದೇಶದ ಯುದ್ಧವಿಮಾನ!”

ಇದು ನಡೆದದ್ದು ಬೀದಿಯಲ್ಲಿ. ರಾಯರ ಗಂಟಲು ಸಿಟ್ಟಿನಲ್ಲಿ ಮೂರು ಮನೆ ದಾಟಿ ಕೇಳಿಸುತ್ತದೆ. ಮಹಡಿಯ ಮೇಲಿನ ನಿವೃತ್ತ ಪೋಸ್ಟ್‌ಮಾಸ್ತರು ಕಿಟಕಿಯಿಂದ ತಲೆ ಹೊರಹಾಕಿ ಅಷ್ಟನ್ನೂ ಕೇಳಿಸಿಕೊಂಡರು. ಮೂವತ್ತೈದು ವರ್ಷ ಇತರರ ಸುದ್ದಿಯನ್ನು ಒಡೆಯದೆ ತಲುಪಿಸಿದ ಮನುಷ್ಯ. ನಿವೃತ್ತಿಯಾದ ಮೇಲೆ ಒಡೆದೇ ತಲುಪಿಸುವುದೆಂದು ತೀರ್ಮಾನಿಸಿದ್ದರು.

“ನಿಮಗೆ ಗ್ಯಾರಂಟಿಯೇನ್ರೀ ರಾಯ್ರೇ?”

“ಗ್ಯಾರಂಟಿಯೇ? ನಿಮ್ಮ ಬಾಗಿಲಿಗೆ ಬಣ್ಣ ಬೆರೆಸಿ ಕೊಟ್ಟಿದ್ದು ಯಾರು ಮಾಸ್ತರೇ?”

ಮಾಸ್ತರು ತಿರುಗಿ ತಮ್ಮ ಬಾಗಿಲು ನೋಡಿದರು. ಹನ್ನೊಂದು ವರ್ಷವಾದರೂ ಬಣ್ಣ ಮಾಸಿರಲಿಲ್ಲ. ಇನ್ನು ಅನುಮಾನಕ್ಕೆ ಎಡೆಯೆಲ್ಲಿ? ಹತ್ತು ಗಂಟೆಯೊಳಗೆ ಬೀದಿಗೆ ಒಂದು ಶತ್ರುವಿಮಾನ ಬಂದಿತ್ತು. ಮಧ್ಯಾಹ್ನದ ಹೊತ್ತಿಗೆ ಮಾರುಕಟ್ಟೆಯಲ್ಲಿ ನಾಲ್ಕಾದವು. ಸಂಜೆ ಬಸ್‌ನಿಲ್ದಾಣದಲ್ಲಿ ಕೇಳಿದವರಿಗೆ, ಪೈಲಟ್ಟುಗಳು ಆಗಲೇ ಇಳಿದು ಹೋಟೆಲಿನಲ್ಲಿ ರೂಮು ಮಾಡಿದ್ದಾರೆಂದು ತಿಳಿಯಿತು.

ದೂರು ವಿಭಾಗಕ್ಕೆ ಆ ದಿನ ಇನ್ನೂರ ಹನ್ನೆರಡು ಕರೆ ಬಂದವು. ರಾಯರ ಹೆಂಡತಿ ಅಷ್ಟನ್ನೂ ಅಲೆದಾಡುವ ಪ್ರಾಣಿಗಳ ಕಾಲಮ್ಮಿನಲ್ಲಿ ಬರೆದರು. ದೀಪದ ಬೆಳಕು ಹೊರಗೆ ಕಾಣಬಾರದೆಂದು ಜನ ಕಿಟಕಿಯ ಗಾಜಿಗೆ ಬಳಿಯಲು ಕಪ್ಪು ಪೇಂಟು ಕೇಳಿಕೊಂಡು ಅಂಗಡಿಗೆ ನುಗ್ಗಿದರು. ಯಜಮಾನರು ಗೋದಾಮಿನ ಮೂಲೆಯಲ್ಲಿ ಗಟ್ಟಿಯಾಗಿ ಕೂತಿದ್ದ ಹಳೆಯ ಡಬ್ಬಿಗಳನ್ನೂ ಮಾರಿ ಮುಗಿಸಿದರು. “ರಾಯ್ರೇ, ನೀವು ಸಾಮಾನ್ಯರಲ್ಲ,” ಎಂದು ಬೆನ್ನು ತಟ್ಟಿದರು.

ರಾಯರಿಗೆ ಅದಕ್ಕೂ ಸಿಟ್ಟು. “ದೇಶ ಮುಳುಗ್ತಿದೆ, ಇವರು ಮೂರು ಶೇಡಿನ ಕಪ್ಪನ್ನ ಒಂದೇ ಕಪ್ಪು ಅಂತ ಮಾರ್ತಿದಾರೆ!”

ಮೂರನೆಯ ದಿನ ಪೊಲೀಸರು ಬಂದರು. ಯಜಮಾನರು ತಟ್ಟಿದ್ದ ಕೈಯನ್ನು ಥಟ್ಟನೆ ಜೇಬಿಗೆ ಇಳಿಸಿಕೊಂಡರು.

ಠಾಣೆಯ ಒಳಕೋಣೆಯಲ್ಲಿ ಒಂದು ಉದ್ದನೆಯ ಬೆಂಚು, ಒಂದು ಮೇಜು, ಗೋಡೆಗೆ ಹಚ್ಚಿದ್ದ ಹಸಿರು. ಆ ಹಸಿರು ನೋಡಿಯೇ ರಾಯರಿಗೆ ಸಿಟ್ಟು ಬಂತು; ಎಡಗೋಡೆಗೂ ಬಲಗೋಡೆಗೂ ತಾಳೆಯೇ ಇಲ್ಲ. ಮೇಜಿನ ಹಿಂದೆ ಇನ್‌ಸ್ಪೆಕ್ಟರು. ಪಕ್ಕದ ಕುರ್ಚಿಯಲ್ಲಿ ವಾಯುನೆಲೆಯಿಂದ ಬಂದಿದ್ದ, ಇಸ್ತ್ರಿ ಮಾಡಿದ ಸಮವಸ್ತ್ರದ ಅಧಿಕಾರಿಣಿ. ಬೆಂಚಿನ ಮೇಲೆ ರಾಯರು, ಅಂಗಡಿಯ ಯಜಮಾನರು, ಸಾಕ್ಷಿಗೆಂದು ಕರೆಸಿದ್ದ ಮೈದುನ.

“ನೋಡಿ ಸಾರ್,” ಅಧಿಕಾರಿಣಿ ಶಾಂತವಾಗಿ ವಿವರಿಸಿದರು. “ಅಣಕು ಯುದ್ಧ ಅಂದ್ಮೇಲೆ ಶತ್ರು ಬೇಕಲ್ವಾ? ನಿಜವಾದ ಶತ್ರು ಕರೆದ್ರೆ ಬರಲ್ಲ. ಅದಕ್ಕೆ ನಮ್ಮದೇ ಕೆಲವು ವಿಮಾನಗಳಿಗೆ ಅವರ ಬಣ್ಣ ಬಳೀತೀವಿ. ನಮ್ಮ ಹುಡುಗರಿಗೆ ಆ ಬಣ್ಣ ನೋಡಿ ಅಭ್ಯಾಸ ಆಗ್ಲಿ ಅಂತ. ನೀವು ನೋಡಿದ್ದು ಅದು.”

ಮೈದುನ ಚಾವಣಿ ನೋಡತೊಡಗಿದ. ರಾಯರು ಅವನನ್ನು ನೋಡತೊಡಗಿದರು.

“ನಿನಗೆ ಗೊತ್ತಿತ್ತೇನೋ?”

“ಹೇಳೋಕೆ ಬಂದೆ ಭಾವ. ಹಲ್ಲು ಕೆರೆಯೋನು ಅಂದ್ರಿ.”

ಇನ್‌ಸ್ಪೆಕ್ಟರು ಒಂದು ಹಾಳೆ ಮುಂದೆ ತಳ್ಳಿದರು. “ಆಗಿದ್ದು ಆಗೋಯ್ತು. ಇದಕ್ಕೊಂದು ಸೈನ್ ಹಾಕಿ, ಮನೆಗೆ ಹೋಗಿ.”

ರಾಯರು ಓದಿದರು. ‘ಬಣ್ಣವನ್ನು ಗುರುತಿಸುವಲ್ಲಿ ನನ್ನ ಕಣ್ಣು ತಪ್ಪಿದೆ. ಇದರಿಂದ ಸಾರ್ವಜನಿಕರಿಗೆ ಆದ ಗಾಬರಿಗೆ ವಿಷಾದಿಸುತ್ತೇನೆ.’

ಬೇರೆ ಯಾರೇ ಆಗಿದ್ದರೂ ಎಲ್ಲಿ ಸಾರ್ ಎಂದು ಕೇಳಿ ಸೈನು ಹಾಕುತ್ತಿದ್ದರು. ಆದರೆ ಬಣ್ಣ ಬೆರೆಸುವವನ ಕಣ್ಣು ತಪ್ಪಿದೆಯೆಂದು ಠಾಣೆಯ ಕಾಗದದಲ್ಲಿ ಬಿದ್ದರೆ, ನಾಳೆ ಯಾವ ಗಿರಾಕಿ ಗೋಡೆಯ ಚಕ್ಕೆ ತಂದಾನು? ಯಜಮಾನರು ಆಗಲೇ ಬೆಂಚಿನ ಆ ತುದಿಗೆ ಸರಿದು ಪಿಸುಗುಟ್ಟಿದರು: “ಸೈನ್ ಹಾಕ್ಬಿಡಿ ರಾಯ್ರೇ. ಆಮೇಲೆ ಬೇಕಾದ್ರೆ ಕೌಂಟರಲ್ಲಿ ಬ್ರಷ್ ಮಾರಿಕೊಂಡಿರಿ. ಯಂತ್ರ ರಿಪೇರಿ ಮಾಡಿಸಿದ್ರಾಯ್ತು.”

ಬ್ರಷ್! ರಾಯರು ಎದ್ದು ನಿಂತರು. ಬೆಂಚಿನ ಆ ತುದಿ ಕುಸಿದು ಯಜಮಾನರು ಜಾರಿದರು.

“ಹಾಕಲ್ಲ! ನನ್ನ ಕಣ್ಣು ಎಲ್ಲಿ ತಪ್ಪಿದೆ ಸ್ವಾಮಿ? ಮೇಡಂ, ನೀವೇ ಹೇಳಿ. ನೀವು ಬಳಿದಿದ್ದು ಯಾರ ಬಣ್ಣ?”

“ಅವರದು.”

“ನಾನು ಯಾರ ಬಣ್ಣ ಅಂದೆ?”

“ಅವರದು... ಅಂದ್ರಿ.”

“ಮತ್ತೆ? ನಾನು ತಪ್ಪಾಗಿ ನೋಡಿದೀನಿ ಅಂದ್ರೆ ನೀವು ತಪ್ಪಾಗಿ ಬಳಿದಿದೀರಿ ಅಂತ ಅರ್ಥ. ಹಾಗಂತ ಬರ್ಕೊಡಿ, ಆಮೇಲೆ ಸೈನ್ ಹಾಕ್ತೀನಿ. ಸರ್ಕಾರವೇ ವೇಷ ಹಾಕಿಸಿ ಬೀದಿಗೆ ಬಿಟ್ಟು, ಗುರುತು ಹಿಡಿದೋನನ್ನ ಠಾಣೆಗೆ ಕರೆಸೋದಾ? ಇದೆಂಥ ನ್ಯಾಯ!”

ಅಧಿಕಾರಿಣಿ ಹಾಳೆಯನ್ನು ನೋಡಿದರು. ವಾದದಲ್ಲಿ ಬಿರುಕು ಕಾಣಲಿಲ್ಲ. “ಇನ್‌ಸ್ಪೆಕ್ಟರೇ, ಅವರು ಹೇಳೋದು ಒಂದು ರೀತೀಲಿ ಸರಿ. ಇವರು ಮೋಸ ಹೋದ್ರು ಅಂದ್ರೆ ನಮ್ಮ ಬಣ್ಣ ಚೆನ್ನಾಗಿದೆ ಅಂತ. ಆ ದಿಬ್ಬದ ಮೇಲೆ ಮೋಸ ಹೋಗದೆ ಇದ್ದೋರು...”

ಎಲ್ಲರ ಕಣ್ಣೂ ಮೈದುನನ ಮೇಲೆ ನಿಂತವು. ಇನ್‌ಸ್ಪೆಕ್ಟರು ಅವನ ತೊಡೆಯ ಮೇಲಿದ್ದ ನೋಟುಬುಕ್ಕನ್ನು ಮೆಲ್ಲಗೆ ಎತ್ತಿಕೊಂಡರು. ಪುಟ ತಿರುವಿದರು. ವಿಮಾನದ ನಂಬರು, ಹೊರಟ ಗಳಿಗೆ, ಇಳಿದ ಗಳಿಗೆ, ಯಾವ ದಿಕ್ಕಿಗೆ. ಎಂಟು ವರ್ಷದ ಬರಹ, ಹಲ್ಲು ಜೋಡಿಸಿದಷ್ಟು ಅಚ್ಚುಕಟ್ಟು.

“ಏನಪ್ಪಾ ಇದು? ಯಾರಿಗೋಸ್ಕರ ಬರೀತಿದೀಯ?”

“ಸಾರ್, ಸುಮ್ನೆ... ಹವ್ಯಾಸ ಸಾರ್.”

“ಬಣ್ಣ ಮರೆಸಿದ್ರೂ ಗುರುತು ಹಿಡಿಯೋ ಅಷ್ಟು ಹವ್ಯಾಸ?”

ಮೈದುನ ನೋಟುಬುಕ್ಕಿಗೆ ಕೈ ಚಾಚಿದ. ರಾಯರಿಗೆ ಅವನ ಮೇಲಿದ್ದ ಸಿಟ್ಟು ಒಂದು ಲೋಡು. ಆದರೆ ಸಂಜೆ ಹೆಂಡತಿ ಆಫೀಸಿನಿಂದ ಬಂದು, ತಮ್ಮ ಎಲ್ಲಿ ಎಂದು ಕೇಳುವ ಮುಖ ಕಣ್ಣ ಮುಂದೆ ಬಂತು. ಅವರು ಕೆರಳಿ ನುಡಿದರು: “ಅಯ್ಯೋ ಬಿಡಿ ಸಾರ್! ಇವನಿಗೆ ವಿಮಾನದ ಗಂಧವೂ ಇಲ್ಲ. ಬಾಲ ಎಣಿಸ್ತಾನೆ, ಅಷ್ಟೆ. ಎರಡರ ತನಕ ಎಣಿಸೋಕೆ ಯಾರಿಗೆ ಬರಲ್ಲ? ಉಳಿದಿದ್ದೆಲ್ಲ ಬಾಯಿಗೆ ಬಂದಿದ್ದು.”

“ಬಾಯಿಗೆ ಬಂದಿದ್ದಾ?” ಮೈದುನ ಬಾಣ ತಾಗಿದವನಂತೆ ತಿರುಗಿದ. “ಭಾವ, ಎಂಟು ವರ್ಷ...”

“ಬಾಯಿ ಮುಚ್ಚೋ ದಡ್ಡ! ನಿನ್ನಕ್ಕನ ಮುಖ ನೋಡಬೇಕಾ ಬೇಡವಾ?”

ಹಾಗಾಗಿ ಮೊದಲ ಸೈನು ಬಿದ್ದದ್ದು ಮೈದುನನದು. ‘ವಿಮಾನಗಳ ಬಗ್ಗೆ ನನಗೆ ಏನೇನೂ ತಿಳಿಯದು. ಇದುವರೆಗೆ ಹೇಳಿದ್ದೆಲ್ಲ ಊಹೆ.’ ತನ್ನ ಹಲ್ಲನ್ನು ತಾನೇ ಕೀಳುವವನಂತೆ ಅವನು ಪೆನ್ನು ಹಿಡಿದು ಗೀಚಿದ.

ಇನ್ನು ರಾಯರದು. ಅಧಿಕಾರಿಣಿ ಹೊಸ ಹಾಳೆ ತೆಗೆದುಕೊಂಡು ತಾವೇ ಬರೆದರು: ‘ಇವರು ವಿಮಾನದ ನೀಲಿ ಬಣ್ಣವನ್ನು ಸರಿಯಾಗಿಯೇ ಗುರುತಿಸಿದ್ದಾರೆ. ಆದರೆ ಸಂದರ್ಭ ತಿಳಿಯದೆ...’

ರಾಯರು ಬಗ್ಗಿ ಓದಿದರು. “ನೀಲಿ ಅಂತೆ! ಬರೀ ನೀಲಿ! ನೀಲಿ ಅಂತ ಎಮ್ಮೆ ಕಾಯೋನೂ ಹೇಳ್ತಾನೆ. ಶೇಡ್ ಬರೀರಿ ಮೇಡಂ.”

“ಅದು ಬರೆಯೋ ಹಾಗಿಲ್ಲ ಸಾರ್. ನಾವು ಬಳಸೋ ಬಣ್ಣದ ನಿಖರ ಪ್ರಮಾಣ ರಕ್ಷಣಾ ರಹಸ್ಯ.”

“ರಹಸ್ಯ? ಯಾರಿಗೆ ರಹಸ್ಯ? ಏಳುನೂರ ಹನ್ನೆರಡು ನಂಬರಿನ ನೀಲಿ, ಅದಕ್ಕೆ ಲೀಟರಿಗೆ ಎರಡು ತೊಟ್ಟು ಹಸಿರು!”

“ಮೂರು,” ಅಂದರು ಅಧಿಕಾರಿಣಿ.

ಅಂದವರೇ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಯಜಮಾನರು ತಮಗೆ ಹುಟ್ಟಿನಿಂದಲೇ ಕಿವಿ ಕೇಳದೆನ್ನುವಂತೆ ಗೋಡೆ ನೋಡಿದರು.

ರಹಸ್ಯ ಹೊರಬಿದ್ದುದರ ಪರಿವೆ ಇಲ್ಲದವರು ಅಲ್ಲಿ ಒಬ್ಬರೇ. “ಮೂರಾ? ಅವರ ವಿಮಾನದ ಮೇಲೆ ಮೂರು, ಒಪ್ಪಿದೆ, ಪುಸ್ತಕದಲ್ಲೂ ಹಾಗೇ ಇದೆ. ನಿಮ್ಮದರ ಮೇಲಿರೋದು ಎರಡೇ. ಒಂದು ಬಿಸಿಲಿಗೆ ಹಾರಿದೆ ಅಂತ ನಾನಂದ್ಕೊಂಡೆ.”

“ಸಾಧ್ಯವಿಲ್ಲ. ಬಳಿದು ಇನ್ನೂ ಒಂದು ತಿಂಗಳಾಗಿಲ್ಲ!” ಎಂದ ಅಧಿಕಾರಿಣಿ, ಅದನ್ನೂ ಹೇಳಬಾರದಿತ್ತೆಂದು ನೆನಪಾಗಿ ಈ ಸಲ ಎರಡೂ ಕೈ ಬಾಯಿಗೆ ಅಡ್ಡ ಹಿಡಿದರು.

ಇನ್‌ಸ್ಪೆಕ್ಟರು ಎದ್ದರು. ಹಳೆಯ ಹಾಳೆ, ಹೊಸ ಹಾಳೆ, ಎರಡನ್ನೂ ಸೇರಿಸಿ ನಾಲ್ಕು ಚೂರು ಮಾಡಿದರು. “ಇವರ ಕಣ್ಣು ಸರಿ ಅಂತ ಬರೆದ್ರೆ ರಹಸ್ಯ ಬಯಲಾಗತ್ತೆ. ತಪ್ಪು ಅಂತ ಬರೆದ್ರೆ ವಾಯುಪಡೆ ತಪ್ಪಾಗತ್ತೆ. ಇವತ್ತು ಇಲ್ಲಿಗೆ ಯಾರೂ ಬಂದಿಲ್ಲ. ಯಾರೂ ಏನೂ ಹೇಳಿಲ್ಲ. ಎಲ್ಲಾರೂ ಹೊರಡಿ.”

“ಹೊರಡೋದಾ? ಎರಡೋ ಮೂರೋ ತೀರ್ಮಾನ ಆಗದೆ ನಾನು ಏಳಲ್ಲ!” ರಾಯರು ಬೆಂಚಿನ ಮೇಲೆ ಕೂತೇ ಬಿಟ್ಟರು. ಅವರನ್ನು ಎತ್ತಲು ಮೈದುನ ಒಂದು ರಟ್ಟೆ, ಯಜಮಾನರು ಒಂದು ರಟ್ಟೆ ಹಿಡಿಯಬೇಕಾಯಿತು.

ಠಾಣೆಯ ಮೆಟ್ಟಿಲಿನ ಮೇಲೆ ಹಿಂದಿನಿಂದ ಬೂಟಿನ ಸದ್ದು ಕೇಳಿತು. ಅಧಿಕಾರಿಣಿ ರಾಯರನ್ನು ಒಬ್ಬರನ್ನೇ ಕಂಬದ ಮರೆಗೆ ಕರೆದರು. ಕೈಯಲ್ಲಿ ಫೋನಿತ್ತು, ಮುಖ ಕೆಂಪಾಗಿತ್ತು.

“ಸಾರ್, ಈಗ ತಾನೇ ಕೇಳಿ ನೋಡ್ದೆ. ಮೂರು ಹಾಕಬೇಕಿತ್ತಂತೆ. ಬಾಟಲಿ ಮುಗಿದುಹೋಯ್ತು ಅಂತ ಎರಡೇ ಹಾಕಿದಾರೆ. ನಮ್ಮಲ್ಲಿ ಯಾರೂ ಇದನ್ನ ಗಮನಿಸಿಲ್ಲ.” ಸುತ್ತ ನೋಡಿ, ಸ್ವರ ಇನ್ನಷ್ಟು ತಗ್ಗಿಸಿದರು. “ನಿಮ್ಮ ಕಣ್ಣೇ ಸರಿ. ಆದ್ರೆ ಇದು ನಿಮ್ಮ ಬಾಯಿಂದ ಎಲ್ಲೂ ಹೊರಡಕೂಡದು. ಮನೆಯಲ್ಲೂ. ಹೊರಟ್ರೆ ನಾನೇ ಬಂದು ನಿಮ್ಮನ್ನ ಒಳಗೆ ಹಾಕಿಸಬೇಕಾಗತ್ತೆ. ದಯವಿಟ್ಟು.”

ಐವತ್ತೆರಡು ವರ್ಷದ ಬಾಳಿನಲ್ಲಿ ಗೆದ್ದ ಅತಿ ದೊಡ್ಡ ವಾದವನ್ನು ರಾಯರು ಒಂದು ಗುಟುಕಿನಲ್ಲಿ ನುಂಗಿದ್ದು ಆ ಕಂಬದ ಮರೆಯಲ್ಲಿ.

ಮರುದಿನ ಮೇಜಿನ ಮುಂದೆ ಯಜಮಾನರೇ ನಿಂತಿದ್ದರು. “ರಾಯ್ರೇ, ಆ ಅಮ್ಮ ನಿಮ್ಮನ್ನ ಕಂಬದ ಹಿಂದೆ ಕರೆದು ಏನಂದ್ರು? ಕೊನೆಗೆ ನಿಮ್ಮ ಕಣ್ಣು ಸರಿಯೋ ತಪ್ಪೋ? ನನಗೆ ಅದಷ್ಟು ಹೇಳಿ.”

“ಹೇಳೋ ಹಾಗಿಲ್ಲ.”

“ಯಾಕೆ?”

“ಯಾಕೆ ಅಂತ್ಲೂ ಹೇಳೋ ಹಾಗಿಲ್ಲ!”

ಯಜಮಾನರು ವ್ಯಾಪಾರಿ. ಹೇಳದೆ ಉಳಿದದ್ದರ ತೂಕ ಅವರಿಗೆ ಗೊತ್ತು. ಯಂತ್ರ ರಿಪೇರಿಗೆ ಬರುವವನಿಗೆ ಬೇಡವೆಂದು ಫೋನ್ ಮಾಡಿ, ಪಕ್ಕದ ಬೀಗದ ಅಂಗಡಿಯವನ ಕಿವಿಯಲ್ಲಿ ಒಂದು ಮಾತು ಉಸುರಿದರು. ಮಹಡಿಯ ಪೋಸ್ಟ್‌ಮಾಸ್ತರು ಉಳಿದ ಬಟವಾಡೆ ಮಾಡಿದರು. ವಾರದೊಳಗೆ ರಾಯರ ಮೇಜಿನ ಮುಂದೆ ಹಿಂದೆಂದೂ ಇಲ್ಲದ ಸಾಲು. ಕೈಯಲ್ಲಿ ಚಕ್ಕೆ ಹಿಡಿದ ಒಬ್ಬ ಹೆಂಗಸು ಮುಂದಕ್ಕೆ ಬಾಗಿ, ಭಯಭಕ್ತಿಯಿಂದ ಕೇಳಿದರು.

“ಅಣ್ಣಾ, ಆ ವಿಮಾನಕ್ಕೆ ಗುಟ್ಟಾಗಿ ಬಣ್ಣ ಬೆರೆಸಿ ಕೊಟ್ಟಿದ್ದು ನೀವೇ ಅಂತೆ? ಊರೆಲ್ಲ ಹೇಳ್ತಿದಾರೆ. ಏನು ಕೈ ಅಣ್ಣಾ ನಿಮ್ಮದು!”

ರಾಯರ ಕಿವಿ ಕೆಂಪಾಯಿತು, ಕುತ್ತಿಗೆ ಉಬ್ಬಿತು. ಆ ಕೆಲಸವಾ! ಮೂರು ತೊಟ್ಟಿನ ಜಾಗಕ್ಕೆ ಎರಡು ಹಾಕಿ ಕೈತೊಳೆದುಕೊಂಡ ಆ ಸೋಮಾರಿ ಕೆಲಸ, ತನ್ನದಾ!

“ನಾನಾಗಿದ್ದಿದ್ರೆ...” ಎಂದು ಗುಡುಗಿದರು. ಸಾಲು ಉಸಿರು ಬಿಗಿಹಿಡಿದು ಕಾಯಿತು. ರಾಯರು ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು, ಕಣ್ಣು ಮುಚ್ಚಿ, ಹಲ್ಲು ಕಚ್ಚಿದರು.

“ಚಕ್ಕೆ ಕೊಡಿ ಇಲ್ಲಿ,” ಎಂದರು.